ಅಂಗಳಕ್ಕೆ ಕಾಬಲ್ ಕಲ್ಲು ಹಾಸುವ ಬಗೆ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಗ್ರಾನೈಟಿನ ಕಾಬಲ್ ಕಲ್ಲು, ಅಂದರೆ ಸಣ್ಣ ಚೌಕ ಕಲ್ಲುಗಳ ಹಾಸಿನೊಂದಿಗೆ ತೆರೆದದ್ದು ಹಲವರಿಗೆ ನೆನಪಿರಬಹುದು. ಅದೇ ಬಗೆಯ ಕಲ್ಲನ್ನು ಮನೆ ಮುಂದೆ ಕಾರು ನಿಲ್ಲಿಸುವ ಜಾಗಕ್ಕೂ ಹಾಸಿಸುತ್ತಾರೆ. ಒಂದು ಮಳೆಗಾಲ ಕಳೆಯುವುದರೊಳಗೆ ಚಕ್ರ ಓಡಾಡುವ ಸಾಲು ಕುಸಿದರೆ, ಕಾರಣ ಹುಡುಕಬೇಕಾದದ್ದು ಕಲ್ಲಿನ ಅಡಿಯಲ್ಲಿ.

ನಾಲ್ಕು ಇಂಚಿನ ಕಲ್ಲಿಗೆ ಸುಮಾರು ಒಂದು ಅಡಿ ಅಗೆಯಬೇಕು. ಎರೆಮಣ್ಣು ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಬೇಡಿ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಇನ್ನೊಂದು ಅಡಿ ತೆಗೆಸಿ ಗರಸು, ಅಂದರೆ ಹರಳುಗಲ್ಲಿನ ಮಣ್ಣು, ತುಂಬಿಸಿ. ಮೇಲೆ ಆರು ಇಂಚು ಜಲ್ಲಿ, ಜಲ್ಲಿಪುಡಿ ಬೆರೆಸಿ, ಮೂರು ಮೂರು ಇಂಚಿನ ಎರಡು ಪದರ. ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು. ಹತ್ತು ಅಡಿಗೆ ಎರಡು ಇಂಚಿನಂತೆ, ಮನೆಯಿಂದ ಆಚೆಗೆ, ಇಳಿಜಾರು ಈ ಜಲ್ಲಿಯಲ್ಲೇ ಬಂದುಬಿಡಬೇಕು. ಏರುತಗ್ಗನ್ನು ಹಾಗೇ ಬಿಟ್ಟು, ಸಿಮೆಂಟ್ ಮರಳನ್ನು ಒಂದು ಕಡೆ ದಪ್ಪ, ಒಂದು ಕಡೆ ತೆಳು ಹಾಕಿ ಮಟ್ಟ ಮಾಡಿದರೆ, ದಪ್ಪ ಇದ್ದ ಕಡೆ ಹೆಚ್ಚು ಅಮುಕಿ ಗುಂಡಿ ಬೀಳುತ್ತದೆ. ಅಂಚುಕಲ್ಲುಗಳನ್ನೂ ಮೊದಲೇ ಕಾಂಕ್ರೀಟಿನಲ್ಲಿ ಕೂರಿಸಿ. ಅಂಚು ಭದ್ರವಿಲ್ಲದಿದ್ದರೆ ಸಾಲು ಸಾಲಾಗಿ ಕಲ್ಲು ಪಕ್ಕಕ್ಕೆ ಸರಿಯುತ್ತದೆ.

ಇನ್ನು ಜಲ್ಲಿಯ ಮೇಲೆ, ಕಲ್ಲಿನ ಅಡಿಗೆ ಹಾಕುವ ಹಾಸಿನ ಮಿಶ್ರಣ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು. ನೂರು ಚದರ ಅಡಿಗೆ ಎರಡು ಇಂಚು ದಪ್ಪಕ್ಕೆ ಸುಮಾರು ಎರಡೂವರೆ ಮೂಟೆ ಸಿಮೆಂಟ್, ಹದಿನೆಂಟು ಹತ್ತೊಂಬತ್ತು ಘನ ಅಡಿ ಮರಳು ಬೇಕು. ಗಾರೆಯಂತೆ ತೆಳ್ಳಗೆ ಕಲಸಬೇಡಿ. ಹಿಡಿಯಲ್ಲಿ ಅದುಮಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿನಿಂದ ನೀರು ಜಿನುಗಬಾರದು. ನೀರು ಹೆಚ್ಚಾದರೆ ಕಲ್ಲು ತೇಲಿದಂತಾಗಿ ಮಟ್ಟ ನಿಲ್ಲುವುದಿಲ್ಲ. ಮರಳಿನ ತೇವಕ್ಕೇ ಸಿಮೆಂಟ್ ಬಿಗಿಯತೊಡಗುತ್ತದೆ. ಆದ್ದರಿಂದ ಎರಡು ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ, ಮಟ್ಟಗೋಲಿನಿಂದ ಎಳೆಯಿರಿ. ಬಿಗಿದದ್ದಕ್ಕೆ ಮತ್ತೆ ನೀರು ಹಾಕಿ ಬಳಸುವ ಮೇಸ್ತ್ರಿಯನ್ನು ಅಲ್ಲೇ ತಡೆಯಿರಿ.

ನೂರು ಚದರ ಅಡಿಗೆ ಸುಮಾರು 770 ಕಲ್ಲು ಬೇಕು. ಒಡೆದದ್ದಕ್ಕೆ, ಕತ್ತರಿಸಿದ್ದಕ್ಕೆ ಐವತ್ತು ಹೆಚ್ಚಿಗೆ ತರಿಸಿ. ದಾರ ಕಟ್ಟಿ, ಕಾರು ಬರುವ ದಿಕ್ಕಿಗೆ ಅಡ್ಡಲಾಗಿ ಸಾಲಿಡಿ. ಸಂದು ಹತ್ತು ಮಿಲಿಮೀಟರ್. ಒಂದು ಸಾಲಿನ ಸಂದು ಮುಂದಿನ ಸಾಲಿನ ಕಲ್ಲಿನ ನಡುವೆ ಬರಲಿ. ಪ್ರತಿ ಕಲ್ಲನ್ನೂ ದಾರಕ್ಕಿಂತ ಅರ್ಧ ಇಂಚು ಎತ್ತರಕ್ಕೆ ಕೂರಿಸಿ, ರಬ್ಬರ್ ಸುತ್ತಿಗೆಯಿಂದ ಬಡಿದು ದಾರದ ಮಟ್ಟಕ್ಕೆ ಇಳಿಸಿ. ಬಡಿದಾಗ ಟೊಳ್ಳು ಸದ್ದು ಬಂದರೆ ಕಲ್ಲು ತೆಗೆದು ಅಡಿಗೆ ಮಿಶ್ರಣ ಸೇರಿಸಿ.

ತಳಕ್ಕೆ ಸಿಮೆಂಟ್ ಹಾಕಿ ಸಂದಿಗೆ ಬರೀ ಮರಳು ತುಂಬುವುದು ಸಲ್ಲದು. ಮಳೆಗೆ ಮರಳು ಕೊಚ್ಚಿಹೋಗಿ, ಕೆಳಗೆ ಇಳಿದ ನೀರು ಗಟ್ಟಿ ತಳದ ಮೇಲೇ ನಿಲ್ಲುತ್ತದೆ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಒಣ ಮಿಶ್ರಣವನ್ನು ಪೊರಕೆಯಿಂದ ಸಂದಿಗೆ ತಳ್ಳಿ, ಕಡ್ಡಿಯಿಂದ ಅದುಮಿ. ಕಲ್ಲಿನ ಮೇಲಿನ ಪುಡಿಯನ್ನು ಪೂರ್ತಿ ಗುಡಿಸಿದ ಮೇಲೆಯೇ ಸಣ್ಣ ಹನಿಯಾಗಿ ನೀರು ಸಿಂಪಡಿಸಿ. ಪುಡಿ ಉಳಿದರೆ ಬಿಳಿ ಕಲೆ ಕಚ್ಚಿಕೊಳ್ಳುತ್ತದೆ.

ಏಳು ದಿನ ಒದ್ದೆ ಗೋಣಿಚೀಲ ಹೊದಿಸಿಡಿ. ಮೊದಲ ಎರಡು ದಿನ ಓಡಾಡಲೇಬೇಕೆಂದರೆ ಹಲಗೆ ಹಾಕಿಕೊಳ್ಳಿ. ಕಾರನ್ನು ಹದಿನಾಲ್ಕು ದಿನ ಬೀದಿಯಲ್ಲೇ ನಿಲ್ಲಿಸಿ.