ಸೀಟಿ ಊದದ ಕೋಚ್

ಕೇಳುಗರಿಗೆಲ್ಲ ನಮಸ್ಕಾರ. ಶಾಲೆ ಕಾಲೇಜುಗಳ ಪಿ.ಟಿ. ಮೇಷ್ಟ್ರುಗಳು, ಮಕ್ಕಳನ್ನು ಆಟಕ್ಕೆ ಕಳಿಸುವ ಅಪ್ಪ ಅಮ್ಮಂದಿರು ಯಾರಾದರೂ ರೇಡಿಯೋ ಹತ್ತಿರ ಇದ್ದರೆ ದಯವಿಟ್ಟು ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ಇವತ್ತಿನ ಮಾತು ಮುಖ್ಯವಾಗಿ ನಿಮಗೇ.

ಅಮೆರಿಕದಲ್ಲಿ ಜಾನ್ ಗಲಾರ್ಡಿ ಅಂತ ಒಬ್ಬರು ಫುಟ್‌ಬಾಲ್ ಕೋಚ್ ಇದ್ದರು. 2018ರಲ್ಲಿ ತೀರಿಕೊಂಡರು, ಆಗ ಅವರಿಗೆ 91 ವರ್ಷ. ಕಾಲೇಜು ತಂಡಗಳಿಗೆ ಒಟ್ಟು 64 ಸೀಸನ್ ಕೋಚ್ ಆಗಿದ್ದವರು. 489 ಪಂದ್ಯ ಗೆದ್ದರು. 138 ಸೋತರು. 11 ಸಮ ಆದವು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಇಷ್ಟು ಪಂದ್ಯ ಗೆದ್ದ ಕೋಚ್ ಇನ್ನೊಬ್ಬರಿಲ್ಲ. ಅದನ್ನೂ ಸಾಧಿಸಿದ್ದು ಟಿವಿಯಲ್ಲಿ ಬರುವ ದೊಡ್ಡ ವಿಶ್ವವಿದ್ಯಾಲಯದಲ್ಲಿ ಅಲ್ಲ, ಕ್ರೈಸ್ತ ಸನ್ಯಾಸಿಗಳು ಕಟ್ಟಿದ ಒಂದು ಸಣ್ಣ ಕಾಲೇಜಿನಲ್ಲಿ.

ಇಲ್ಲಿ ಫುಟ್‌ಬಾಲ್ ಅಂದರೆ ನಾವು ಕಾಲಲ್ಲಿ ಒದೆಯುವ ಆಟ ಅಲ್ಲ. ಅವರ ಚೆಂಡಿಗೆ ಎರಡೂ ತುದಿ ಚೂಪು. ಅದನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೇ ಎಸೆಯಬೇಕು. ಒಂದು ಕಡೆಗೆ 11 ಜನ. ನಾಲ್ಕು ಪ್ರಯತ್ನದೊಳಗೆ 10 ಗಜ ಮುಂದೆ ಹೋಗಬೇಕು. ಚೆಂಡು ಹಿಡಿದು ಓಡುವವನನ್ನು ಎದುರಿನವರು ಕಬಡ್ಡಿಯಲ್ಲಿ ರೈಡರ್‌ನನ್ನು ಕೆಡವುವ ಹಾಗೆ ಕೆಡವುತ್ತಾರೆ. ಅದಕ್ಕೆ ಟ್ಯಾಕಲ್ ಅನ್ನುತ್ತಾರೆ. ಹೆಲ್ಮೆಟ್, ಭುಜಕ್ಕೆ ಪ್ಯಾಡ್ ಎಲ್ಲ ಇರುತ್ತದೆ, ಆದರೂ ಮೂಳೆ ಮುರಿಯುತ್ತದೆ. ಆಟದ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು.

ಈ ಗಲಾರ್ಡಿ ಹೇಗೆ ಗೆದ್ದರು? ಬೇಡದ್ದನ್ನು ಬಿಟ್ಟು ಗೆದ್ದರು. ಅಷ್ಟೇ. ನಾನು ಇವತ್ತು ಹೇಳಲು ಬಂದಿರುವುದೂ ಅಷ್ಟೇ. ಆಟಕ್ಕೆ ಯಾವುದು ಬೇಡವೋ ಅದನ್ನು ಅಭ್ಯಾಸದಲ್ಲಿ ಮಾಡಿಸಬೇಡಿ.

ಇದು ಶುರುವಾಗಿದ್ದು ಟ್ರಿನಿಡಾಡ್‌ನಲ್ಲಿ. ಲಾರಾನ ಟ್ರಿನಿಡಾಡ್ ಅಲ್ಲ, ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ಅದೇ ಹೆಸರಿನ ಒಂದು ಊರಿದೆ. ಕಲ್ಲಿದ್ದಲು ಗಣಿಗಳ ಸೀಮೆ. ಇಟಲಿಯಿಂದ ವಲಸೆ ಬಂದ ಕುಟುಂಬಗಳು ಅಲ್ಲಿ ಬಹಳ. ಜಾನ್ ಅವರ ಅಪ್ಪನೂ ಹಾಗೇ ಬಂದವರು. ಗಾಡಿಗಳ ಟಿಂಕರಿಂಗ್ ಶಾಪ್ ಇಟ್ಟುಕೊಂಡಿದ್ದರು. ಮಗನೂ ಓದು ಮುಗಿಸಿ ಅಲ್ಲೇ ಸುತ್ತಿಗೆ ಹಿಡಿಯಬೇಕಿತ್ತು.

1943ನೇ ಇಸವಿ. ಎರಡನೇ ಮಹಾಯುದ್ಧ ನಡೆಯುತ್ತಿದೆ. ಹುಡುಗ ಊರಿನ ಕ್ಯಾಥೊಲಿಕ್ ಹೈಸ್ಕೂಲ್ ತಂಡದ ಕ್ಯಾಪ್ಟನ್. ವಯಸ್ಸು 16. ಶಾಲೆಯ ಕೋಚ್‌ಗೆ ಸೈನ್ಯದಿಂದ ಕರೆ ಬಂತು, ಅವರು ಹೊರಟು ಹೋದರು. ಬೇರೆ ಕೋಚ್ ಎಲ್ಲಿಂದ ತರುವುದು? ಗಟ್ಟಿಮುಟ್ಟಾದ ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದಾರೆ. ತಂಡವನ್ನೇ ನಿಲ್ಲಿಸಿಬಿಡೋಣ ಅನ್ನುವ ಮಾತು ಬಂತು. ಆಗ ಈ ಹುಡುಗ ನಾನೇ ನೋಡಿಕೊಳ್ಳುತ್ತೇನೆ ಅಂತ ಮುಂದೆ ಬಂದ. ಶಾಲೆಯವರೂ ಆಗಲಿ ಅಂದರು.

ಈಗ ಯೋಚನೆ ಮಾಡಿ. 16 ವರ್ಷದ ಹುಡುಗ, ಜೊತೆಯ ಹುಡುಗರಿಗೇ ಕೋಚ್. ಬೇರೆ ಯಾರಾದರೂ ಆಗಿದ್ದರೆ ಹಳೇ ಮೇಷ್ಟ್ರು ಮಾಡಿಸಿದ್ದನ್ನೇ ಇನ್ನೂ ಜೋರಾಗಿ ಮಾಡಿಸುತ್ತಿದ್ದರು. ಅಧಿಕಾರ ಹೊಸದು ನೋಡಿ. ಆದರೆ ಈ ಹುಡುಗನಿಗೆ ಹಳೇ ಅಭ್ಯಾಸ ಎಂದರೆ ಆಗುತ್ತಲೇ ಇರಲಿಲ್ಲ. ಅಭ್ಯಾಸ ಅಂದರೆ ಮೊದಲು ಕವಾಯತು. ಆಮೇಲೆ ಕುಕ್ಕರುಗಾಲಲ್ಲಿ ಕೂತು ನಡೆಯುವುದು, ಮಂಡಿ ಹೋಗುವ ತನಕ. ಆಮೇಲೆ ಮೈದಾನಕ್ಕೆ ಸುತ್ತು, ಮತ್ತೆ ಓಟ. ಇದೆಲ್ಲದರ ನಡುವೆ ಕುಡಿಯಲು ನೀರು ಕೊಡುತ್ತಿರಲಿಲ್ಲ! ನೀರು ಕುಡಿದರೆ ಹುಡುಗರು ಮೆತ್ತಗಾಗುತ್ತಾರೆ ಅಂತ ಆಗಿನ ಕಾಲದ ನಂಬಿಕೆ. ಬಾಯಿ ಒಣಗಿಸಿಕೊಂಡು ನಿಂತವನೇ ಗಟ್ಟಿಗ ಅನ್ನುವ ಲೆಕ್ಕ.

ಇವನು ಇನ್ನೊಂದು ಗಮನಿಸಿದ್ದ. ಶಾಲೆಯ ತಂಡದಲ್ಲಿ ಇಲ್ಲದ ಹುಡುಗರು ಸುಮ್ನೆ ಬಂದು, ಎರಡು ಗುಂಪು ಮಾಡಿಕೊಂಡು, ಸೀದಾ ಆಟ ಶುರು ಮಾಡುತ್ತಿದ್ದರು. ಕವಾಯತಿಲ್ಲ, ಸುತ್ತಿಲ್ಲ. ಅವರು ನಗುನಗುತ್ತಾ ಆಡಿ ಮನೆಗೆ ಹೋಗುತ್ತಿದ್ದರು. ತಂಡದ ಹುಡುಗರು ಕುಂಟಿಕೊಂಡು ಹೋಗುತ್ತಿದ್ದರು.

ಕೋಚ್ ಆದ ತಕ್ಷಣ ಹುಡುಗ ಕವಾಯತು ಕಿತ್ತುಹಾಕಿದ. ಕುಕ್ಕರುಗಾಲ ನಡಿಗೆ ಕಿತ್ತುಹಾಕಿದ. ಸುತ್ತು ಕಿತ್ತುಹಾಕಿದ. ಬಾಯಾರಿಕೆ ಆದವರು ನೀರು ಕುಡಿಯಿರಿ ಅಂದ. ಉಳಿದದ್ದು ಆಟ ಒಂದೇ. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾರನ್ನು ತಡೆಯಬೇಕು, ಚೆಂಡು ಯಾರ ಕೈಗೆ ಹೋಗಬೇಕು. ಅದನ್ನೇ ಮತ್ತೆ ಮತ್ತೆ. ತಂಡ ಗೆಲ್ಲತೊಡಗಿತು.

ಗಮನಿಸಿ, ಈ ಹುಡುಗ ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. ಬೇಡದ್ದನ್ನು ಬಿಟ್ಟ. 16ನೇ ವಯಸ್ಸಿನಲ್ಲಿ ಬಿಟ್ಟದ್ದನ್ನು 86ನೇ ವಯಸ್ಸಿನಲ್ಲಿ ನಿವೃತ್ತಿ ಆಗುವ ತನಕ ಮತ್ತೆ ಮುಟ್ಟಲಿಲ್ಲ. ನಮ್ಮಲ್ಲಿ ಇನ್ನೂ ಲೇಟಾಗಿ ಬಂದ ಹುಡುಗನಿಗೆ ಹತ್ತು ರೌಂಡ್ ಓಡು ಅನ್ನುತ್ತೇವೆ. ಓಟವನ್ನೇ ಶಿಕ್ಷೆ ಮಾಡಿದ ಮೇಲೆ ಹುಡುಗರಿಗೆ ಓಡುವ ಆಸೆ ಎಲ್ಲಿಂದ ಬರಬೇಕು, ಹೇಳಿ. ಇರಲಿ. ಆ ವಿಷಯ ಎತ್ತಿದರೆ ನನಗೆ ಸಿಟ್ಟು ಬರುತ್ತದೆ.

ಗಲಾರ್ಡಿ 1949ರಲ್ಲಿ ಪದವಿ ಮುಗಿಸಿ ಮೊಂಟಾನಾ ರಾಜ್ಯದ ಕ್ಯಾರೊಲ್ ಕಾಲೇಜಿಗೆ ಕೋಚ್ ಆಗಿ ಹೋದರು. ಅಲ್ಲಿ ನಾಲ್ಕು ಸೀಸನ್‌ಗಳಲ್ಲಿ 24 ಗೆಲುವು, ಬರೀ 6 ಸೋಲು. 1953ರಲ್ಲಿ ಮಿನಿಸೋಟಾದ ಕಾಲೇಜ್‌ವಿಲ್‌ಗೆ, ಸೇಂಟ್ ಜಾನ್ಸ್‌ಗೆ ಬಂದರು. ಬೆನೆಡಿಕ್ಟೈನ್ ಸನ್ಯಾಸಿಗಳ ಮಠ, ಅದರ ಪಕ್ಕದಲ್ಲೇ ಗಂಡುಹುಡುಗರ ಕಾಲೇಜು, ಸುತ್ತ ಕಾಡು, ಒಂದು ಕೆರೆ. ಹಿಂದಿನ ಕೋಚ್ ಜಾನಿ ಮೆಕ್‌ನಾಲಿ, ವೃತ್ತಿಪರ ಫುಟ್‌ಬಾಲ್‌ನಲ್ಲಿ ಬಲು ದೊಡ್ಡ ಹೆಸರು. ಈ ಕಾಲೇಜಿನಲ್ಲಿ ಯಾರೂ ಗೆಲ್ಲಲು ಸಾಧ್ಯವಿಲ್ಲ ಅಂತ ಹೇಳಿಯೇ ಹೋಗಿದ್ದರಂತೆ. ಗಲಾರ್ಡಿ ಅಲ್ಲೇ 60 ಸೀಸನ್ ಉಳಿದರು.

ಇವರು ಏನೇನು ಬಿಟ್ಟರು ಕೇಳಿ. ಸೀಟಿ ಬಿಟ್ಟರು. ಕುತ್ತಿಗೆಯಲ್ಲಿ ಸೀಟಿ ಇಲ್ಲದೆ ನಮ್ಮ ಮೇಷ್ಟ್ರುಗಳು ಮೈದಾನಕ್ಕೆ ಕಾಲಿಡುವುದೇ ಇಲ್ಲ, ಅಲ್ವಾ? ಕೋಚ್ ಅಂತ ಕರೆಸಿಕೊಳ್ಳುವುದನ್ನೂ ಬಿಟ್ಟರು. 18 ವರ್ಷದ ಹುಡುಗರೂ ಅವರನ್ನು ಜಾನ್ ಅಂತಲೇ ಕರೆಯುತ್ತಿದ್ದರು. ಅಭ್ಯಾಸ ಒಂದೂವರೆ ಗಂಟೆ ಮೀರುತ್ತಿರಲಿಲ್ಲ. ಭಾರ ಎತ್ತುವುದು ಕಡ್ಡಾಯ ಇರಲಿಲ್ಲ. ಸೊಳ್ಳೆ ಜಾಸ್ತಿ ಇದ್ದರೆ ಅವತ್ತು ಹೊರಗೆ ಅಭ್ಯಾಸವೇ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಅಭ್ಯಾಸದಲ್ಲಿ ಟ್ಯಾಕಲ್ ಮಾಡುವಂತಿರಲಿಲ್ಲ. ಆಟದ ಜೀವಾಳವೇ ಕೆಡವುವುದು, ಅಭ್ಯಾಸದಲ್ಲಿ ಯಾರೂ ಯಾರನ್ನೂ ಕೆಡವಬಾರದು! ಮಂಗಳವಾರ ನಮ್ಮವರೇ ನಮ್ಮವರ ಕಾಲು ಮುರಿದರೆ ಶನಿವಾರ ಆಡುವವರು ಯಾರು?

ಕವಾಯತಿನ ಬದಲು ಅವರ ಹುಡುಗರು ಒಂದು ತಮಾಷೆ ಮಾಡುತ್ತಿದ್ದರು. ಎಲ್ಲರೂ ಹುಲ್ಲಿನ ಮೇಲೆ ಅಂಗಾತ ಮಲಗುವುದು. ಆಕಾಶ ನೋಡುವುದು. ಪಕ್ಕದವನ ಕಡೆ ತಿರುಗಿ, ಎಷ್ಟು ಚೆನ್ನಾಗಿದೆ ಅಲ್ವಾ ಇವತ್ತು ಅನ್ನುವುದು. ಎದ್ದು ಆಡಲು ಹೋಗುವುದು.

ಇದೆಲ್ಲ ಸೋಮಾರಿತನ ಸಾರ್ ಅಂತ ಈಗಲೇ ಯಾರೋ ಅನ್ನುತ್ತಿರುತ್ತೀರಿ. ಅಲ್ಲ. ಆ ಒಂದೂವರೆ ಗಂಟೆಯಲ್ಲಿ ಆಟದ ಪಟ್ಟುಗಳನ್ನು ಬಿಟ್ಟು ಇನ್ನೇನೂ ಇಲ್ಲ. ಒಂದು ಪಟ್ಟು ತಪ್ಪಿದರೆ ಸರಿ ಬರುವ ತನಕ ಅದೇ. ಎದುರಾಳಿ ಆಡಿದ ಪಂದ್ಯದ ಫಿಲ್ಮ್ ಹಾಕಿಕೊಂಡು ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದರು. ಮೈಗೆ ಕೊಡುತ್ತಿದ್ದ ಶ್ರಮವನ್ನು ತಲೆಗೆ ಕೊಟ್ಟರು.

ಸಮಯ ಓಡುತ್ತಿದೆ, ಟ್ರಿನಿಡಾಡ್ ಕತೆ ಉದ್ದವಾಯಿತು. ಬೇಗ ಹೇಳಿ ಮುಗಿಸುತ್ತೇನೆ. ಈ ಕಾಲೇಜು ಇರುವುದು ಕಾಲೇಜು ಆಟದ ಮೂರನೇ ಡಿವಿಷನ್‌ನಲ್ಲಿ, ಅಂದರೆ ಮೂರನೇ ದರ್ಜೆಯಲ್ಲಿ. ಅಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ದುಡ್ಡು ಕೊಟ್ಟು ಓದುವ ಹುಡುಗರು, ಆಡುವುದು ಆಸೆಗೆ. ಗಲಾರ್ಡಿ ಬಂದವರನ್ನು ಯಾರನ್ನೂ ವಾಪಸ್ ಕಳಿಸುತ್ತಿರಲಿಲ್ಲ, ತಂಡದಲ್ಲಿ 150ಕ್ಕೂ ಹೆಚ್ಚು ಹುಡುಗರು ಇದ್ದದ್ದುಂಟು. ಆಯ್ಕೆ ಪಟ್ಟಿಯನ್ನೂ ಬಿಟ್ಟರು, ನೋಡಿ.

1963, 1965, 1976ರಲ್ಲಿ ಅವರ ತಂಡ ರಾಷ್ಟ್ರೀಯ ಚಾಂಪಿಯನ್. 2003ರಲ್ಲಿ, 77ನೇ ವಯಸ್ಸಿನಲ್ಲಿ, ಒಂದೇ ವರ್ಷ ಎರಡು ಘಟನೆ. ನವೆಂಬರ್ 8ರಂದು ಬೆಥೆಲ್ ತಂಡವನ್ನು 29-26ರಿಂದ ಸೋಲಿಸಿ 409ನೇ ಗೆಲುವು ಪಡೆದರು. ಅದಕ್ಕೆ ಮೊದಲು 408 ಗೆಲುವಿನ ದಾಖಲೆ ಗ್ರಾಂಬ್ಲಿಂಗ್ ವಿಶ್ವವಿದ್ಯಾಲಯದ ಕೋಚ್ ಎಡ್ಡಿ ರಾಬಿನ್ಸನ್ ಅವರದು. ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಫೈನಲ್. ಎದುರು ಮೌಂಟ್ ಯೂನಿಯನ್, ಸತತ 55 ಪಂದ್ಯ ಗೆದ್ದು ಬಂದ ತಂಡ. ಸೇಂಟ್ ಜಾನ್ಸ್ 24-6ರಿಂದ ಗೆದ್ದಿತು. ಮೌಂಟ್ ಯೂನಿಯನ್ ಅಂಕ ಗಳಿಸುವ ಅಂಚಿನಲ್ಲಿದ್ದಾಗ ಸೇಂಟ್ ಜಾನ್ಸ್ ಹುಡುಗನೊಬ್ಬ ಅವರ ಎಸೆತವನ್ನು ನಡುವೆ ಹಿಡಿದು 100 ಗಜ, ಇಡೀ ಮೈದಾನದ ಉದ್ದ ಓಡಿಬಿಟ್ಟ. ಸುತ್ತು ಹೊಡೆಸದಿದ್ದರೆ ಹುಡುಗರಿಗೆ ದಮ್ಮು ಎಲ್ಲಿಂದ ಬರುತ್ತೆ ಅಂತ ಕೇಳುವವರಿಗೆ ನಾನು ಈ ಓಟದ ಕತೆ ಹೇಳುತ್ತೇನೆ.

ಬಹಳ ವರ್ಷ ಬೇರೆ ಕೋಚ್‌ಗಳು ಇವರನ್ನು ವಿಚಿತ್ರ ಮನುಷ್ಯ ಅಂದುಕೊಂಡಿದ್ದರು. ಆಮೇಲೆ ತಲೆಗೆ ಬೀಳುವ ಪೆಟ್ಟಿನಿಂದ ಮಿದುಳಿಗೆ ಆಗುವ ಹಾನಿಯ ಮಾತು ಅಮೆರಿಕದಲ್ಲೆಲ್ಲ ಶುರುವಾಯಿತು. 2016ರಲ್ಲಿ ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್‌ನ ಕೋಚ್‌ಗಳು ಸೀಸನ್ ಅಭ್ಯಾಸದಲ್ಲಿ ಟ್ಯಾಕಲ್ ಬೇಡ ಅಂತ ಒಪ್ಪಿಕೊಂಡರು. ಕಾಲೇಜ್‌ವಿಲ್‌ನಲ್ಲಿ ಅದನ್ನು ಬಿಟ್ಟು ಆಗಲೇ ಎಷ್ಟೋ ದಶಕ ಆಗಿತ್ತು.

ಸ್ಟುಡಿಯೋದವರು ಕೈ ತೋರಿಸುತ್ತಿದ್ದಾರೆ. ಇನ್ನೊಂದೇ ಮಾತು. ಮೂರನೇ ಡಿವಿಷನ್‌ನ ಅತ್ಯುತ್ತಮ ಆಟಗಾರನಿಗೆ 1993ರಿಂದ ಒಂದು ಟ್ರೋಫಿ ಕೊಡುತ್ತಾರೆ, ಗಲಾರ್ಡಿ ಟ್ರೋಫಿ ಅಂತ. 2003ರಲ್ಲಿ ಅದನ್ನು ಪಡೆದವನು ಬ್ಲೇಕ್ ಎಲಿಯಟ್. ಸೇಂಟ್ ಜಾನ್ಸ್‌ನ ಹುಡುಗ, ಜಾನ್ ಅವರ ಸ್ವಂತ ಶಿಷ್ಯ. ನಮಸ್ಕಾರ.