ಕಪ್ಪು ಪಟ್ಟಿಯ ಸಾಕ್ಷಿ ಎಷ್ಟು ಗಟ್ಟಿ?

ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಓಡಿಸಿ ತೂಕದ ಪ್ರಕಾರ ಬೇರ್ಪಡಿಸಿ (ಹಗುರವಾದವು ಕೆಳಗೆ), ಬೇಕಾದದ್ದನ್ನು ಪ್ರತಿಕಾಯದಿಂದ ಹಿಡಿದು ತೋರಿಸುವ ಪರೀಕ್ಷೆ ವೆಸ್ಟರ್ನ್ ಬ್ಲಾಟ್. ಅದರ ಚಿತ್ರವೊಂದು ನಿಮ್ಮ ಕಣ್ಣ ಮುಂದಿದೆ ಎಂದುಕೊಳ್ಳಿ. ತಳದಲ್ಲಿ ಎರಡು ಪಟ್ಟಿಗಳು, ಎರಡೂ ಎಲ್‌ಸಿ3 ಎಂಬ ಪ್ರೋಟೀನಿನ ರೂಪಗಳು. ಮೇಲಿನದು ಸುಮಾರು 16 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಬಳಿ, ಅದು ಎಲ್‌ಸಿ3-1. ಕೆಳಗಿನದು 14ರ ಬಳಿ, ಅದು ಎಲ್‌ಸಿ3-2. ಔಷಧಿ ಹಾಕಿದ ಜೀವಕೋಶಗಳಲ್ಲಿ ಕೆಳಗಿನ ಪಟ್ಟಿ ದಪ್ಪಗಾಗಿದೆ. ಅಷ್ಟಕ್ಕೇ ಘೋಷಣೆ ಸಿದ್ಧ: 'ಈ ಔಷಧಿಯಿಂದ ಆಟೋಫೇಜಿ ಹೆಚ್ಚುತ್ತದೆ!' ನನಗೆ ಸಿಟ್ಟು ಬರುವುದು ಇಲ್ಲೇ.

ಜೀವಕೋಶ ತನ್ನದೇ ಹಳೆಯ ಸರಕನ್ನು ಪೊರೆಯ ಚೀಲದಲ್ಲಿ ಕಟ್ಟಿ, ಲೈಸೋಸೋಮ್‌ಗೆ ಒಯ್ದು ಅರಗಿಸಿಕೊಳ್ಳುವುದೇ ಆಟೋಫೇಜಿ. ಯೀಸ್ಟ್‌ನಲ್ಲಿ ಇದರ ಜೀನ್‌ಗಳನ್ನು ಪತ್ತೆ ಹಚ್ಚಿದ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಚೀಲ ಕಟ್ಟುವಾಗ ಎಲ್‌ಸಿ3ಗೆ ಕೊಬ್ಬಿನ ಅಣುವೊಂದು ಅಂಟಿ, ಅದು ಪೊರೆಯ ಮೇಲೆ ಕೂರುತ್ತದೆ. ಅದೇ ಎಲ್‌ಸಿ3-2. ತೂಕ ಹೆಚ್ಚಿದರೂ ಜೆಲ್‌ನಲ್ಲಿ ಇದೇ ಮುಂದೆ ಓಡುತ್ತದೆ, ಈ ತುಂಟತನ ನನಗೆ ಇಂದಿಗೂ ಇಷ್ಟ.

ಆದರೆ ಚೀಲದ ಒಳಮೈಗೆ ಅಂಟಿದ ಎಲ್‌ಸಿ3-2 ಲೈಸೋಸೋಮ್‌ನಲ್ಲಿ ತಾನೂ ಅರಗಿಹೋಗುತ್ತದೆ. ಹಾಗಿದ್ದರೆ ಪಟ್ಟಿ ದಪ್ಪಗಾದದ್ದು ಚೀಲಗಳು ಹೆಚ್ಚು ಹುಟ್ಟಿದ್ದಕ್ಕೋ, ಅರಗದೆ ಉಳಿದದ್ದಕ್ಕೋ? ಬೀದಿಯಲ್ಲಿ ಕಸದ ಚೀಲಗಳು ರಾಶಿ ಬಿದ್ದಿದ್ದರೆ ಗುಡಿಸುವವರು ಚುರುಕಾಗಿದ್ದಾರೆ ಎನ್ನಬಹುದು, ಲಾರಿ ಬಂದಿಲ್ಲ ಎಂದೂ ಎನ್ನಬಹುದು. ಲೈಸೋಸೋಮ್‌ನ ಅರಗಿಸುವ ಕೆಲಸ ನಿಲ್ಲಿಸುವ ಬ್ಯಾಫಿಲೋಮೈಸಿನ್ ಹಾಕಿ ಲಾರಿಯನ್ನು ನಾವೇ ತಡೆಯಬೇಕು. ಆಗಲೂ ಔಷಧಿಯಿಂದ ರಾಶಿ ಇನ್ನಷ್ಟು ಬೆಳೆದರೆ, ಗುಡಿಸುವವರ ಮಾತು ಒಪ್ಪುತ್ತೇನೆ.

ಇಷ್ಟೆಲ್ಲ ಪ್ರತಿಕಾಯ ಸರಿಯಾಗಿದ್ದರೆ ಮಾತ್ರ. ಬಾಟಲಿಯ ಮೇಲೆ 'ಎಲ್‌ಸಿ3ಬಿ' (ಎಲ್‌ಸಿ3ರ ಒಂದು ಬಗೆ) ಎಂದು ಅಚ್ಚಾಗಿದ್ದರೆ ಸಾಲದು. ಬೆಳ್ಳಗಿರುವುದೆಲ್ಲ ಹಾಲಲ್ಲ, ಕಪ್ಪಗೆ ಕಂಡದ್ದೆಲ್ಲ ಎಲ್‌ಸಿ3 ಅಲ್ಲ. ಎಲ್‌ಸಿ3ಬಿ ಜೀನ್ ತೆಗೆದುಹಾಕಿದ ಜೀವಕೋಶಗಳಲ್ಲಿ ಎರಡೂ ಪಟ್ಟಿಗಳು ಮಾಯವಾಗಬೇಕು. ಎಲ್‌ಸಿ3ಗೆ ಕೊಬ್ಬಿನ ಅಣು ಅಂಟಿಸಲು ಬೇಕಾದ ಎಟಿಜಿ5 ಜೀನ್ ತೆಗೆದರೆ ಕೆಳಗಿನದು ಮಾತ್ರ ಹೋಗಬೇಕು. ಇವುಗಳ ಸಾಲನ್ನು ತೋರಿಸದ ಬ್ಲಾಟ್ ನನ್ನ ಮಟ್ಟಿಗೆ ಅರ್ಧ ಬ್ಲಾಟ್. ಎರಡು ಪಟ್ಟಿಗಳ ಅನುಪಾತ ಲೆಕ್ಕ ಹಾಕಿ ಬೀಗುವವರೂ ಇದ್ದಾರೆ. ಅನೇಕ ಪ್ರತಿಕಾಯಗಳು ಎಲ್‌ಸಿ3-2ನ್ನೇ ಹೆಚ್ಚು ಪ್ರೀತಿಯಿಂದ ಹಿಡಿಯುತ್ತವೆ. ತಕ್ಕಡಿಯೇ ವಾಲಿರುವಾಗ ತೂಕದ ಮಾತೇಕೆ?

ಮೊಲದ ರಕ್ತದಿಂದ ತೆಗೆದ ಪಾಲಿಕ್ಲೋನಲ್ (ಹಲವು ಪ್ರತಿಕಾಯಗಳ ಮಿಶ್ರಣ) ಆದರಂತೂ ಬ್ಯಾಚ್ ಬದಲಾದಾಗ ಪರೀಕ್ಷೆ ಮತ್ತೆ ಮೊದಲಿನಿಂದ. ಹಾಗಾಗಿ ಹಳೆಯ ಬಾಟಲಿಯ ತಳದಲ್ಲಿ ನಾಲ್ಕು ಹನಿ ಇರುವಾಗಲೇ ಹೊಸದನ್ನು ತರಿಸಿ, ಒಂದೇ ಮಾದರಿಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ.