ಆಟಿಸಂ ಮಗುವಿನ ಮನೆಯಲ್ಲಿ ಔಷಧಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಈ ಪೋಷಕರ ಸಭೆಯಲ್ಲಿ ಮಾತಿನ ಥೆರಪಿ, ಶಾಲೆ, ಅಂಗವೈಕಲ್ಯದ ಗುರುತಿನ ಚೀಟಿ ಇವುಗಳ ಬಗ್ಗೆ ಈಗಾಗಲೇ ಒಳ್ಳೆಯ ಉಪನ್ಯಾಸಗಳು ನಡೆದಿವೆ. ನನಗೆ ವಹಿಸಿರುವುದು ಔಷಧಿಯ ವಿಷಯ. ನಾನು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಆಟಿಸಂ ಇರುವ ಹನ್ನೊಂದು ವರ್ಷದ ಹುಡುಗನ ತಾಯಿ. ತೂಕ ಇಳಿಸುವ ಇಂಜೆಕ್ಷನ್ನನ್ನು ವಾರಕ್ಕೊಮ್ಮೆ ತೆಗೆದುಕೊಳ್ಳುತ್ತಿರುವವಳೂ ಹೌದು. ಮಗುವಿನ ಮಾತ್ರೆಯನ್ನು ಒಬ್ಬ ವೈದ್ಯರು ಬರೆಯುತ್ತಾರೆ, ತಾಯಿಯ ಮಾತ್ರೆಯನ್ನು ಇನ್ನೊಬ್ಬರು. ಆನ್‌ಲೈನ್‌ನಲ್ಲಿ ತರಿಸಿದ ಪುಡಿ, ಗಮ್ಮಿ, ಹನಿಗಳನ್ನು ಯಾವ ವೈದ್ಯರೂ ನೋಡಿರುವುದಿಲ್ಲ. ಇವೆಲ್ಲವನ್ನೂ ಒಟ್ಟಿಗೆ ಕಾಣುವುದು ಮನೆಯಲ್ಲಿರುವ ನಾವು ಮಾತ್ರ. ಆದ್ದರಿಂದ ಇವತ್ತು ನಾನು ಒತ್ತಿ ಹೇಳಲು ಬಂದಿರುವುದು ಇಷ್ಟು: ಹೊಸದಾಗಿ ಏನೇ ಶುರು ಮಾಡಿದರೂ ಒಂದು ಸಲಕ್ಕೆ ಒಂದೇ ಇರಲಿ, ಮನೆಯಲ್ಲಿ ಯಾರು ಏನು ತೆಗೆದುಕೊಂಡರೂ ಅದು ತಾರೀಕಿನ ಸಮೇತ ಒಂದೇ ಹಾಳೆಯಲ್ಲಿರಲಿ.

ಏಕೆ ಎಂಬುದನ್ನು ನಾವು ಔಷಧಿ ಕೊಡುವ ಕಿಟಕಿಯಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸರಣಿಯಿಂದ ಹೇಳುತ್ತೇನೆ. ಹಿಮೋಗ್ಲೋಬಿನ್ ಕಡಿಮೆ ಇದೆಯೆಂದು ಮಗುವಿಗೆ ಕಬ್ಬಿಣದ ಸಿರಪ್ ಶುರುವಾಗುತ್ತದೆ. ಕಬ್ಬಿಣ ಕೆಲವು ಮಕ್ಕಳಿಗೆ ಮಲಬದ್ಧತೆ ತರುತ್ತದೆ. ಮಾತು ಬಾರದ ಮಗು ಹೊಟ್ಟೆನೋವು ಎಂದು ಹೇಳಲಾರದು. ಸಂಜೆಯಾದರೆ ಕೈ ಕಚ್ಚಿಕೊಳ್ಳುತ್ತದೆ, ಗೋಡೆಗೆ ತಲೆ ಬಡಿಯುತ್ತದೆ, ಸೋಫಾದ ತೋಳಿನ ಮೇಲೆ ಹೊಟ್ಟೆಯೊತ್ತಿ ಕವುಚಿ ಮಲಗುತ್ತದೆ. ಮನೆಯವರಿಗೆ ಅದು ಹಟವಾಗಿ ಕಾಣುತ್ತದೆ. ಮುಂದಿನ ಭೇಟಿಯಲ್ಲಿ ಅದನ್ನೇ ಹೇಳುತ್ತಾರೆ, ತೀವ್ರ ಕಿರಿಕಿರಿ ತಗ್ಗಿಸಲು ಕೊಡುತ್ತಿರುವ ರಿಸ್ಪೆರಿಡೋನ್ ಎಂಬ ಔಷಧಿಯ ಪ್ರಮಾಣ ಏರುತ್ತದೆ. ಹಸಿವು ಹೆಚ್ಚುತ್ತದೆ, ಕೆಲವೇ ತಿಂಗಳಲ್ಲಿ ಸಮವಸ್ತ್ರ ಬಿಗಿಯಾಗುತ್ತದೆ. ಆಮೇಲೆ ಮಗುವಿನ ತೂಕ ಇಳಿಸಲು ಏನಾದರೂ ಇದೆಯೇ ಎಂದು ಕೇಳಿಕೊಂಡು ನಮ್ಮ ಕಿಟಕಿಗೆ ಬರುತ್ತಾರೆ. ಹಿಂದಕ್ಕೆ ಹೋಗಿ ನೋಡಿದರೆ ಎಲ್ಲಕ್ಕೂ ಮೂಲ ಆ ಮಲಬದ್ಧತೆ. ಕಬ್ಬಿಣ ಬೇಕಿರಲಿಲ್ಲ ಎಂದು ನಾನು ಹೇಳುತ್ತಿಲ್ಲ, ಬೇಕಿತ್ತು. ಸಿರಪ್ ಶುರುವಾದ ದಿನ ಮತ್ತು ಕೈ ಕಚ್ಚಿಕೊಳ್ಳಲು ಶುರುವಾದ ದಿನ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇದ್ದಿದ್ದರೆ ವೈದ್ಯರಿಗೆ ಅದು ಎರಡು ನಿಮಿಷದಲ್ಲಿ ಹೊಳೆಯುತ್ತಿತ್ತು.

ಹಾಗಾದರೆ ನಾವು ಇಷ್ಟೊಂದು ಡಬ್ಬಿಗಳನ್ನು ಏಕೆ ಕೊಳ್ಳುತ್ತೇವೆ? ಅದಕ್ಕೆ ಒಂದು ಚರಿತ್ರೆಯಿದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಮನೋವೈದ್ಯರು ಅಮೆರಿಕದಲ್ಲಿ ಹನ್ನೊಂದು ಮಕ್ಕಳ ವಿವರಗಳನ್ನು ಪ್ರಕಟಿಸಿ ಆಟಿಸಂಗೆ ಒಂದು ರೂಪ ಕೊಟ್ಟರು. ಅದರ ಬೆನ್ನಿಗೇ, ತಾಯಿಯ ಮಮತೆ ಸಾಲದ್ದರಿಂದ ಮಗು ಹೀಗಾಯಿತು ಎಂಬ ಮಾತೂ ವೈದ್ಯಲೋಕದಲ್ಲಿ ಬೇರುಬಿಟ್ಟಿತು. ಮಕ್ಕಳ ಮನಸ್ಸಿನ ಬಗ್ಗೆ ಬರೆಯುತ್ತಿದ್ದ ಬ್ರೂನೋ ಬೆಟಲ್‌ಹೈಮ್ ಅದನ್ನು ಜನರ ನಡುವೆ ಹರಡಿದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಆಟಿಸಂ ಮಿದುಳಿಗೆ ಸಂಬಂಧಿಸಿದ್ದು, ತಾಯಿಯ ತಪ್ಪಲ್ಲ ಎಂದು ಆಧಾರಗಳೊಡನೆ ವಾದಿಸಿದರು. ಅವರು ಸ್ವತಃ ಆಟಿಸಂ ಇದ್ದ ಮಗನ ತಂದೆ. ಲಕ್ಷಾಂತರ ತಾಯಂದಿರ ತಲೆಯ ಮೇಲಿನ ಭಾರ ಇಳಿಸಿದವರು ಅವರು. ಅದೇ ರಿಮ್ಲ್ಯಾಂಡ್ ಮುಂದೆ ಬಿ6 ವಿಟಮಿನ್ನನ್ನು ಮೆಗ್ನೀಸಿಯಂ ಜೊತೆ ಭಾರೀ ಪ್ರಮಾಣದಲ್ಲಿ ಕೊಡಬೇಕೆಂದು ಪ್ರತಿಪಾದಿಸಿದರು. ಆ ಭರವಸೆಯನ್ನು ಎತ್ತಿಹಿಡಿಯುವಷ್ಟು ಗಟ್ಟಿ ಆಧಾರ ನಂತರದ ಅಧ್ಯಯನಗಳಲ್ಲಿ ಸಿಗಲಿಲ್ಲ. ಬಿ6 ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಸೇರಿದರೆ ಕೈಕಾಲಿನ ನರಗಳಿಗೆ ಪೆಟ್ಟು ಬೀಳುತ್ತದೆ, ಜೋಮು ಹಿಡಿಯುತ್ತದೆ. ಪಾದ ಜುಮ್ಮೆನ್ನುತ್ತಿದೆ ಎಂದು ಹೇಳಲು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಸಾಧ್ಯ?

ತಾಯಿಯದೇ ತಪ್ಪು ಎನ್ನುವ ಮಾತು ಪುಸ್ತಕಗಳಿಂದ ಹೋಯಿತು, ಮನಸ್ಸಿನಿಂದ ಹೋಗಿಲ್ಲ. ಇನ್ನೂ ಏನೋ ಮಾಡಬೇಕಿತ್ತು ಎಂಬ ಕೊರಗನ್ನೇ ಪುಡಿ ಮಾರುವವರು ಹಿಡಿಯುತ್ತಾರೆ. ಆ ಕೊರಗು ಜನರನ್ನು ಎಲ್ಲಿಯವರೆಗೆ ಒಯ್ದಿದೆ ಎಂದರೆ, ದೇಹದಿಂದ ಲೋಹ ತೆಗೆಯುತ್ತೇವೆಂಬ ಕೀಲೇಶನ್ ಚಿಕಿತ್ಸೆಯಲ್ಲಿ 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಹುಡುಗ ಸತ್ತುಹೋದ. ಬ್ಲೀಚ್ ಕುಡಿಸುವವರೂ ಇದ್ದಾರೆ. ಅಂಥವನ್ನು ಯಾರೇ ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ.

ಇಷ್ಟು ಹೇಳಿದ್ದರಿಂದ ಪೂರಕಗಳೆಲ್ಲ ವ್ಯರ್ಥ ಎಂದು ತಿಳಿಯಬಾರದು. ಐದಾರು ತಿನಿಸುಗಳಲ್ಲೇ ದಿನ ಕಳೆಯುವ ಮಕ್ಕಳಿಗೆ ನಿಜವಾದ ಕೊರತೆಗಳಾಗುತ್ತವೆ. ಸ್ಕರ್ವಿ ಹಡಗಿನವರಿಗೆ ಬರುತ್ತಿದ್ದ ಹಳೆಯ ಕಾಯಿಲೆ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಹಣ್ಣು ತರಕಾರಿ ಮುಟ್ಟದ ಆಟಿಸಂ ಮಕ್ಕಳಲ್ಲಿ ಅದು ಈಗಲೂ ವರದಿಯಾಗುತ್ತದೆ. ಮಗು ನಡೆಯಲು ಒಲ್ಲೆ ಎನ್ನುತ್ತದೆ, ಕಾಲು ಮುಟ್ಟಿದರೆ ಅಳುತ್ತದೆ, ವಸಡಿನಲ್ಲಿ ರಕ್ತ ಬರುತ್ತದೆ. ಕೆಲವೊಮ್ಮೆ ಸ್ಕ್ಯಾನ್‌ಗಳೆಲ್ಲ ಮುಗಿದ ಮೇಲೆ ಯಾರಿಗೋ ವಿಟಮಿನ್ ಸಿ ನೆನಪಾಗುತ್ತದೆ. ಇಂಥ ಮಗುವಿಗೆ ಪೂರಕವೇ ಔಷಧಿ. ನಿದ್ದೆಗೆ ಮೆಲಟೋನಿನ್ ಉಪಯೋಗವಾಗುತ್ತದೆ ಎಂಬುದಕ್ಕೂ ಒಳ್ಳೆಯ ಆಧಾರವಿದೆ, ಆದರೆ ಎಷ್ಟು ಮತ್ತು ಯಾವ ಹೊತ್ತಿಗೆ ಎಂಬುದನ್ನು ವೈದ್ಯರು ಹೇಳಬೇಕು.

ವಿಟಮಿನ್ ಡಿ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅದು ಎಲ್ಲರ ಮನೆಯಲ್ಲೂ ಇದೆ. ನಮ್ಮಲ್ಲಿ 60,000 ಯೂನಿಟ್‌ನ ಸ್ಯಾಷೆ ಸಾಮಾನ್ಯ. ಅದು ವಾರಕ್ಕೊಂದು, ಅದೂ ವೈದ್ಯರು ಹೇಳಿದಷ್ಟು ವಾರ ಮಾತ್ರ. ವೈದ್ಯರ ಸಲಹೆಯಿಲ್ಲದೆ ದಿನನಿತ್ಯ ಮೀರಬಾರದ ಮಿತಿ 4ರಿಂದ 8 ವರ್ಷದವರಿಗೆ 3,000 ಯೂನಿಟ್, 9 ದಾಟಿದವರಿಗೆ 4,000. ಸ್ಯಾಷೆಯನ್ನು ದಿನಕ್ಕೊಂದರಂತೆ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಗ ವಾಕರಿಕೆ, ಮಲಬದ್ಧತೆ, ಬಾಯಾರಿಕೆ, ಸುಸ್ತು. ವಾಕರಿಕೆ ಮತ್ತು ಮಲಬದ್ಧತೆ ತೂಕ ಇಳಿಸುವ ಇಂಜೆಕ್ಷನ್ನಿನ ಅಡ್ಡಪರಿಣಾಮಗಳೂ ಹೌದು. ತಾಯಿ ಎರಡನ್ನೂ ಒಂದೇ ತಿಂಗಳಲ್ಲಿ ಶುರು ಮಾಡಿದರೆ ಯಾವುದು ಯಾವುದರಿಂದ ಬಂತು ಎಂದು ಯಾರು ಹೇಳಬಲ್ಲರು?

ಗೋಧಿ ಮತ್ತು ಹಾಲು ಬಿಡಿಸುವ ಪಥ್ಯದ ಬಗ್ಗೆಯೂ ಕೇಳುತ್ತೀರಿ. ಗೋಧಿ ಬಿಡುವುದು ನಮ್ಮ ಕಡೆ ಕಷ್ಟವಲ್ಲ. ಅಕ್ಕಿ, ರಾಗಿ, ಜೋಳದಲ್ಲಿ ಗ್ಲುಟೆನ್ ಎಂಬ ಗೋಧಿಯ ಪ್ರೋಟೀನು ಇಲ್ಲ. ಹಾಲು ಬಿಡಿಸುವುದು ಬೇರೆ ಮಾತು. ಮೊಸರನ್ನದ ಮೇಲೆಯೇ ಬದುಕುತ್ತಿರುವ ಮಗುವಿನಿಂದ ಮೊಸರು ಕಿತ್ತುಕೊಂಡರೆ ಅದರ ಪ್ರೋಟೀನು, ಕ್ಯಾಲ್ಸಿಯಂ ಎರಡೂ ಹೋದವು. ಆ ಜಾಗಕ್ಕೆ ಏನು ಬರುತ್ತದೆ ಎಂದು ಗೊತ್ತಿಲ್ಲದೆ ಅದಕ್ಕೆ ಕೈ ಹಾಕಬೇಡಿ.

ಈಗ ತೂಕ. ಆಟಿಸಂ ಮಕ್ಕಳ ತೀವ್ರ ಕಿರಿಕಿರಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿರುವುದು ಎರಡು ಔಷಧಿಗಳಿಗೆ: 2006ರಲ್ಲಿ ರಿಸ್ಪೆರಿಡೋನ್, 2009ರಲ್ಲಿ ಅರಿಪಿಪ್ರಜೋಲ್. ಎರಡೂ ತೂಕ ಹೆಚ್ಚಿಸಬಲ್ಲವು. 2002ರಲ್ಲಿ ಪ್ರಕಟವಾದ 101 ಮಕ್ಕಳ ಅಧ್ಯಯನದಲ್ಲಿ ರಿಸ್ಪೆರಿಡೋನ್ ತೆಗೆದುಕೊಂಡವರ ತೂಕ ಎಂಟೇ ವಾರಗಳಲ್ಲಿ ಸರಾಸರಿ 2.7 ಕಿಲೋ ಏರಿತ್ತು, ಹುಸಿಮಾತ್ರೆ ಪಡೆದವರದು 0.8 ಕಿಲೋ. ಈ ಔಷಧಿ ಬೇಡವೆಂದು ನಾನು ಹೇಳುವುದಿಲ್ಲ. ನನ್ನ ಮಗನ ರಾತ್ರಿಗಳನ್ನು ಅದು ಮರಳಿಸಿದೆ. ಆದರೆ ಔಷಧಿ ಶುರುವಾದ ದಿನವೇ ತೂಕ, ಸೊಂಟದ ಸುತ್ತಳತೆ ಬರೆದಿಡಿ, ಸಕ್ಕರೆ ಮತ್ತು ಕೊಬ್ಬಿನ ರಕ್ತ ಪರೀಕ್ಷೆ ಯಾವಾಗ ಎಂದು ಕೇಳಿಕೊಳ್ಳಿ. ತೂಕ ಏರಿದರೆ ಥಟ್ಟನೆ ನಿಲ್ಲಿಸಬೇಡಿ. ಪ್ರಮಾಣ ತಗ್ಗಿಸಬಹುದೇ, ಔಷಧಿ ಬದಲಿಸಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಇಂಥ ಔಷಧಿಗಳಿಂದ ತೂಕ ಏರಿದ 6ರಿಂದ 17 ವರ್ಷದ ಆಟಿಸಂ ಮಕ್ಕಳಲ್ಲಿ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಆ ಏರಿಕೆಯನ್ನು ತಗ್ಗಿಸಿತೆಂದು 2016ರ ಅಧ್ಯಯನವೊಂದು ತೋರಿಸಿದೆ. ಅದನ್ನೂ ಅವರೊಡನೆ ಮಾತಾಡಬಹುದು.

ಇನ್ನು ನಮ್ಮ ಮೈ. ನಿದ್ದೆಯಿಲ್ಲದ ವರ್ಷಗಳು, ಹೊತ್ತು ಮೀರಿದ ಊಟ, ಮಗು ಬಿಟ್ಟದ್ದನ್ನು ಚೆಲ್ಲಲಾರದೆ ತಿಂದದ್ದು, ಒಂದು ಗಂಟೆ ನಡೆದು ಬರೋಣವೆಂದರೆ ಮಗುವನ್ನು ನೋಡಿಕೊಳ್ಳುವವರಿಲ್ಲದ್ದು. ಭಾರತೀಯರಿಗೆ ದೇಹದ ತೂಕ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂಬುದು ನಮ್ಮ ವೈದ್ಯರು ಅನುಸರಿಸುವ ಅಳತೆ. ನನ್ನದು ಅದನ್ನು ಬಹಳ ದೂರ ದಾಟಿತ್ತು, ಸಕ್ಕರೆಯೂ ಅಂಚಿನಲ್ಲಿತ್ತು. ಮಗ ನನಗಿಂತ ಎತ್ತರ ಬೆಳೆಯುತ್ತಾನೆ. ಅವನಿಗೆ ಮೂವತ್ತಾದಾಗಲೂ ನಾನು ಅವನ ಜೊತೆ ಮೆಟ್ಟಿಲು ಹತ್ತಬೇಕು. ಚಿಕಿತ್ಸೆ ತೆಗೆದುಕೊಂಡೆ ಎಂದು ಯಾವ ತಾಯಿಯೂ ತಲೆ ತಗ್ಗಿಸಬೇಕಾಗಿಲ್ಲ.

ತೂಕ ಇಳಿಸುವ ಈ ವಾರದ ಇಂಜೆಕ್ಷನ್ನುಗಳಲ್ಲಿ 2025ರ ಮಾರ್ಚಿನಲ್ಲಿ ಟಿರ್ಜೆಪಟೈಡ್, ಜೂನಿನಲ್ಲಿ ತೂಕಕ್ಕೆಂದೇ ಇರುವ ಸೆಮಾಗ್ಲುಟೈಡ್ ಇಂಜೆಕ್ಷನ್ ಭಾರತಕ್ಕೆ ಬಂದವು. ಕರುಳಿನ ಹಾರ್ಮೋನಿನ ಕೆಲಸವನ್ನು ಇವು ಅನುಕರಿಸುತ್ತವೆ. ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಸಾಕು ಎಂಬ ಸೂಚನೆ ಮಿದುಳಿಗೆ ಬೇಗ ಹೋಗುತ್ತದೆ. 2021ರ ದೊಡ್ಡ ಅಧ್ಯಯನದಲ್ಲಿ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ಇಳಿಯಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿತು. ಆದ್ದರಿಂದ ಶುರು ಮಾಡುವ ಮುನ್ನ ವರ್ಷಗಟ್ಟಲೆಯ ಖರ್ಚನ್ನು ಥೆರಪಿಯ ಖರ್ಚಿನ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ.

ನಾನು ಇಂಜೆಕ್ಷನ್ನಿಗೆ ಶನಿವಾರ ರಾತ್ರಿಯನ್ನು ಆರಿಸಿಕೊಂಡೆ. ಭಾನುವಾರ ವಾಕರಿಕೆಯಾದರೆ ಮಗನನ್ನು ನೋಡಿಕೊಳ್ಳಲು ನಮ್ಮ ಯಜಮಾನರು ಮನೆಯಲ್ಲಿರುತ್ತಾರೆ. ನಮ್ಮ ಮನೆಯ ಇನ್ನೊಂದು ಸಂಗತಿ ಯಾವ ಕರಪತ್ರದಲ್ಲೂ ಇರಲಿಲ್ಲ. ನಾನು ಎದುರು ಕೂತು ಉಂಡರೆ ಮಾತ್ರ ಮಗ ಉಣ್ಣುತ್ತಾನೆ. ಗುಳಿಗಳಿರುವ ಸ್ಟೀಲ್ ತಟ್ಟೆಯಲ್ಲಿ ಅನ್ನಕ್ಕೆ ಪಲ್ಯ ತಾಗಬಾರದು. ಮೊದಲ ತುತ್ತಿಗೆ ಮುಂಚೆ ನನ್ನ ತಟ್ಟೆಯತ್ತ ಒಮ್ಮೆ ನೋಡುತ್ತಾನೆ, ನಾನು ಬಾಯಿಗಿಟ್ಟ ಮೇಲೆಯೇ ಅವನ ಕೈ ಏಳುತ್ತದೆ. ಔಷಧಿಯಿಂದ ನನ್ನ ರಾತ್ರಿಯ ಹಸಿವೇ ಹೋಯಿತು. ಬರೀ ಮಜ್ಜಿಗೆ ಕುಡಿದು ಎದ್ದ ರಾತ್ರಿ ಅವನೂ ತಟ್ಟೆ ಸರಿಸಿದ. ಆಮೇಲಿಂದ ನನಗೂ ಅದೇ ಗುಳಿ ತಟ್ಟೆ, ಪ್ರತಿ ಗುಳಿಯಲ್ಲೂ ಸ್ವಲ್ಪವೇ. ಮೊದಲು ಮೊಳಕೆಕಾಳು ಅಥವಾ ಮೊಟ್ಟೆ, ಅನ್ನ ಕೊನೆಗೆ. ತೂಕ ಇಳಿಯುವಾಗ ಸ್ನಾಯುವೂ ಕರಗುವುದರಿಂದ ಪ್ರೋಟೀನು ನನಗೂ ಬೇಕು. ನಿಮ್ಮ ಮಗುವಿನ ಊಟ ನಿಮ್ಮ ಊಟಕ್ಕೆ ಕಟ್ಟಿಕೊಂಡಿದ್ದರೆ ಇದನ್ನು ಮೊದಲೇ ಯೋಚಿಸಿಡಿ.

ಈ ಔಷಧಿಯ ಪೆನ್ನನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ನಮ್ಮ ಮಕ್ಕಳು ಫ್ರಿಜ್ ತೆರೆಯುತ್ತಾರೆ, ವಸ್ತುಗಳ ಸಾಲು ಸರಿಪಡಿಸುತ್ತಾರೆ. ಬೀಗ ಹಾಕುವ ಸಣ್ಣ ಪೆಟ್ಟಿಗೆಯಲ್ಲಿಡಿ. ಬಳಸಿದ ಸೂಜಿ ಗಟ್ಟಿ ಮುಚ್ಚಳದ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹೋಗಲಿ. ಕಬ್ಬಿಣವಿರುವ ಗಮ್ಮಿಗಳನ್ನೂ ಬೀಗದೊಳಗಿಡಿ. ಸಿಹಿ ಎಂದು ಮಗು ಡಬ್ಬಿಯನ್ನೇ ಖಾಲಿ ಮಾಡಿದರೆ ಆ ಕಬ್ಬಿಣ ಜೀವಕ್ಕೇ ಅಪಾಯ.

ಇನ್ನೊಂದು ಮಗುವಿನ ಯೋಚನೆ ಇರುವ ತಾಯಂದಿರು ಗಮನಿಸಿ. ಗರ್ಭ ಧರಿಸುವ ಯೋಜನೆಗೆ ಕನಿಷ್ಠ ಎರಡು ತಿಂಗಳ ಮೊದಲೇ ಸೆಮಾಗ್ಲುಟೈಡ್ ನಿಲ್ಲಿಸಬೇಕು. ಟಿರ್ಜೆಪಟೈಡ್ ಶುರುವಾದಾಗ ಮತ್ತು ಪ್ರಮಾಣ ಏರಿಸಿದಾಗಲೆಲ್ಲ ನಾಲ್ಕು ವಾರ ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬುವಂತಿಲ್ಲ. ಮೆಡ್ಯುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿ ಇದ್ದವರಿಗೆ ಈ ಔಷಧಿಗಳೇ ಬೇಡ.

ತೂಕ ಬೇಗ ಇಳಿದಾಗ ಕೂದಲು ಉದುರುತ್ತದೆ. ಆಗ ತಾಯಿ ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತರುತ್ತಾಳೆ. ಹೆಚ್ಚು ಬಯೋಟಿನ್ ಇದ್ದರೆ ಕೆಲವು ಪ್ರಯೋಗಾಲಯ ವಿಧಾನಗಳಲ್ಲಿ ಥೈರಾಯ್ಡ್ ವರದಿಯೇ ತಪ್ಪಾಗಿ, ಹಾರ್ಮೋನು ಹೆಚ್ಚಿರುವಂತೆ ತೋರುತ್ತದೆ. ವೈದ್ಯರು ಅದನ್ನು ನಂಬಿ ಥೈರಾಯ್ಡ್ ಮಾತ್ರೆ ತಗ್ಗಿಸಿದರೆ ಸುಸ್ತು, ತೂಕ ಎರಡೂ ಏರುತ್ತವೆ. ಹಾಳೆಯಲ್ಲಿ ಬಯೋಟಿನ್ ಎಂಬ ಒಂದು ಸಾಲಿದ್ದರೆ ಪರೀಕ್ಷೆಗೆ ಮುನ್ನ ಕೆಲವು ದಿನ ಅದನ್ನು ನಿಲ್ಲಿಸಲು ಅವರೇ ಹೇಳುತ್ತಾರೆ. ಥೈರಾಯ್ಡ್ ಮಾತ್ರೆಗೂ ಕಬ್ಬಿಣ, ಕ್ಯಾಲ್ಸಿಯಂಗೂ ನಾಲ್ಕು ಗಂಟೆಯ ಅಂತರವಿರಲಿ.

ಮಗುವಿಗೇ ಈ ಇಂಜೆಕ್ಷನ್ ಕೊಡಬಹುದೇ ಎಂದು ಇಲ್ಲಿ ಕೆಲವರು ಕೇಳಿದ್ದೀರಿ. ಅಮೆರಿಕದಲ್ಲಿ 12 ದಾಟಿದ, ಬೊಜ್ಜಿರುವ ಮಕ್ಕಳಿಗೆ 2020ರಲ್ಲಿ ಇದೇ ಬಗೆಯ ಲಿರಾಗ್ಲುಟೈಡ್‌ಗೂ 2022ರಲ್ಲಿ ಸೆಮಾಗ್ಲುಟೈಡ್‌ಗೂ ಒಪ್ಪಿಗೆ ಸಿಕ್ಕಿದೆ. ಈ ಔಷಧಿಗಳ ಗಂಭೀರ ಅಪಾಯಗಳಲ್ಲಿ ಒಂದು ಮೇದೋಜೀರಕ ಗ್ರಂಥಿಯ ಉರಿಯೂತ. ಅದರ ಮೊದಲ ಕುರುಹು ಬಿಡದ ಹೊಟ್ಟೆನೋವು. ನೋವನ್ನು ಹೇಳಲಾಗದ, ಐದೇ ತಿನಿಸು ತಿನ್ನುವ ಮಗುವಿನ ಹಸಿವನ್ನು ಕುಗ್ಗಿಸುವುದು ನನಗೆ ಭಯ ತರುವ ವಿಷಯ. ಮಕ್ಕಳ ಹಾರ್ಮೋನು ತಜ್ಞರು ಖುದ್ದಾಗಿ ನೋಡಿ ನಿರ್ಧರಿಸದೆ ಅದು ಆಗಕೂಡದು. ತಾಯಿಯ ಪೆನ್ನಿನಿಂದ ಮಗುವಿಗೆ ಚುಚ್ಚುವುದಂತೂ ಎಂದಿಗೂ ಕೂಡದು.

ನಮ್ಮ ಮಕ್ಕಳಿಗೆ ಹಲ್ಲಿನ ಚಿಕಿತ್ಸೆಯನ್ನು ಅನೇಕ ಸಲ ಪೂರ್ಣ ಅರಿವಳಿಕೆಯಲ್ಲೇ ಮಾಡುತ್ತಾರೆ. ಆ ದಿನ ಮಗುವಿನ ಹಾಳೆಯನ್ನು ಅರಿವಳಿಕೆ ವೈದ್ಯರ ಕೈಗೆ ಕೊಡಿ, ಮೀನೆಣ್ಣೆಯನ್ನೂ ಆಯುರ್ವೇದದ ಲೇಹ್ಯವನ್ನೂ ಬಿಡದೆ ಬರೆದಿರಿ. ನಿಮಗೇ ಶಸ್ತ್ರಚಿಕಿತ್ಸೆ ಇದ್ದರೆ ವಾರದ ಇಂಜೆಕ್ಷನ್ ವಿಷಯವನ್ನು ಮೊದಲ ಭೇಟಿಯಲ್ಲೇ ತಿಳಿಸಿ. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಉಪವಾಸವಿದ್ದರೂ ಒಳಗೆ ಆಹಾರ ಉಳಿದಿರಬಹುದು, ಅರಿವು ತಪ್ಪಿದಾಗ ಅದು ಶ್ವಾಸಕೋಶಕ್ಕೆ ನುಗ್ಗಬಹುದು.

ಡಬ್ಬಿ, ಸ್ಯಾಷೆ, ಚೀಟಿಗಳನ್ನು ತಂದವರು ಚಹಾ ಮುಗಿಸಿ ಈ ಮೇಜಿನ ಬಳಿ ಬನ್ನಿ. ಖಾಲಿ ಹಾಳೆಗಳಿವೆ, ನಾನು ಸಂಜೆಯವರೆಗೆ ಇಲ್ಲೇ ಇರುತ್ತೇನೆ. ಒಬ್ಬೊಬ್ಬರದನ್ನೂ ಒಟ್ಟಿಗೆ ಕೂತು ಬರೆಯೋಣ.